ಕಂಡಕ್ಟರ್ ತಾತನ ಎರಡು ಬಡಿತ

ಮೊದಲು ಅವರ ಗಂಟಲಿನ ವಿಷಯ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ನಿಂತು ಅವರು ಯಾವುದಾದರೂ ಊರಿನ ಹೆಸರು ಕೂಗಿದರೆ, ಆ ಊರಿನಲ್ಲಿದ್ದವರೂ ಮನೆಗೆ ಬೀಗ ಹಾಕಿಕೊಂಡು ಹೊರಡುತ್ತಿದ್ದರು. ಇಂಥ ಕಂಡಕ್ಟರು ನಿವೃತ್ತಿಯಾದ ಮೇಲೆ ಸೇರಿದ ಕೆಲಸ ಯಾವುದು ಅಂತೀರಿ? ಬಾಯಿಯನ್ನೇ ತೆರೆಯಬಾರದ ಕೆಲಸ. ಅಂತರರಾಷ್ಟ್ರೀಯ ಶಾಲೆಯ ಪರೀಕ್ಷಾ ಹಾಲಿನಲ್ಲಿ ಮೇಲ್ವಿಚಾರಕ.

ಕೆಲಸ ಕೊಡಿಸಿದವಳು ಮಗಳು. ಅದೇ ಶಾಲೆಯ ಸಿಕ್ಸ್ತ್ ಫಾರ್ಮಿಗೆ, ಅಂದರೆ ವಿಶ್ವವಿದ್ಯಾಲಯಕ್ಕೆ ಹಾರುವ ಮುಂಚಿನ ಎರಡು ವರ್ಷದ ತರಗತಿಗಳಿಗೆ, ಅವಳು ಕೆಮಿಸ್ಟ್ರಿ ಟೀಚರು. ಸಿಕ್ಸ್ತ್ ಫಾರ್ಮಿನವರ ಠೀವಿಯೇ ಬೇರೆ. ಸಮವಸ್ತ್ರದ ಕಾಟವಿಲ್ಲ, ಕಾಲು ಚಾಚಲು ಅವರದೇ ಒಂದು ಕೋಣೆ, ಅದರಲ್ಲಿ ಸೋಫಾ, ಕಾಫಿ ಯಂತ್ರ. ಓದುವುದು ಮೂರೇ ವಿಷಯವಾದರೂ ನಿಟ್ಟುಸಿರು ಮಾತ್ರ ಇಡೀ ಗ್ರಂಥಾಲಯ ಅರೆದು ಕುಡಿದವರದು. ಪ್ರತಿಯೊಬ್ಬರಿಗೂ ಯಾವುದೋ ವಿಶ್ವವಿದ್ಯಾಲಯ ಷರತ್ತಿನ ಮೇಲೆ ಸೀಟು ಕೊಟ್ಟಿರುತ್ತದೆ: ಕೇಳಿದ ಗ್ರೇಡು ತಂದರೆ ಬಾ, ಇಲ್ಲದಿದ್ದರೆ ಮನೆಯಲ್ಲೇ ಬಿದ್ದಿರು. ಹಾಗಾಗಿ ಪರೀಕ್ಷೆಯ ದಿನ ಆ ಹಾಲಿನಲ್ಲಿ ಸೊಳ್ಳೆಯೂ ತುದಿಗಾಲಿನ ಮೇಲೆ ಹಾರುತ್ತಿತ್ತು.

"ಅಪ್ಪಾ, ಕೈ ಮುಗೀತೀನಿ. ಒಳಗೆ ಒಂದು ಮಾತೂ ಬೇಡ. ಮುಂದೆ ಹೋಗಿ, ಮುಂದೆ ಹೋಗಿ ಅಂತ ಯಾರನ್ನೂ ತಳ್ಳಬೇಡ."

"ನಿಮ್ಮಮ್ಮನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ ಕಣೇ. ಬಾಯಿ ಮುಚ್ಕೊಂಡಿರೋದನ್ನ ನನಗೆ ಹೇಳಿಕೊಡ್ತೀಯಾ?"

ಅಡುಗೆಮನೆಯಿಂದ ಲೋಟ ಕುಕ್ಕಿದ ಸದ್ದು ಬಂತು.

ಮಾತಿಗೆ ತಪ್ಪಲಿಲ್ಲ, ಪಾಪ. ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು, ಓಡುವ ಬಸ್ಸಿನಲ್ಲಿದ್ದವರಂತೆ ತೂಗಾಡುತ್ತಾ ಡೆಸ್ಕುಗಳ ನಡುವೆ ಓಡಾಡಿದರು. ಹುಡುಗರು ಕಂಡಕ್ಟರ್ ತಾತ ಎಂದು ಹೆಸರಿಟ್ಟರು.

ಎಡವಟ್ಟಾದದ್ದು ಗಣಿತದ ದಿನ. ಹಿಂದಿನ ಸಾಲಿನಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗಿ. ಅವಳ ಎಂಜಿನಿಯರಿಂಗ್ ಸೀಟು ಆ ಪತ್ರಿಕೆಯ ಮೇಲೇ ನಿಂತಿತ್ತು. ಎಲ್ಲರೂ ಬರೆಯತೊಡಗಿದರೂ ಇವಳು ಪೆನ್ನು ಹಿಡಿದು ಕಲ್ಲಾಗಿ ಕೂತಿದ್ದಳು. ತಾತ ಪಕ್ಕಕ್ಕೆ ಬಂದರು. ಅವರ ತಲೆಗೆ ಏನೂ ಹೊಳೆಯಲಿಲ್ಲ, ಹೊಳೆದದ್ದು ಕೈಗೆ. ಹೊರಡದೆ ನಿಂತದ್ದನ್ನು ಕಂಡರೆ ಸುಮ್ಮನಿರುವ ಕೈಯಲ್ಲ ಅದು. ಡೆಸ್ಕಿನ ಬದಿಗೆ ಡಬ್ ಡಬ್ ಎಂದು ಬಡಿದೇಬಿಟ್ಟಿತು. ಬಸ್ಸಿನ ಮೈಗೆ ಹಾಗೆ ಎರಡು ಬಡಿದರೆ ಡ್ರೈವರಿಗೆ 'ಹೊರಡು' ಎಂದರ್ಥ. ಹುಡುಗಿ ಬೆಚ್ಚಿಬಿದ್ದಳು, ಆಮೇಲೆ ಹೊರಟಳು ನೋಡಿ! ಕಾಗದದಿಂದ ಹೊಗೆ ಎದ್ದಿತು ಎಂದು ಪಕ್ಕದವನು ಇವತ್ತಿಗೂ ಆಣೆ ಹಾಕುತ್ತಾನೆ.

ಇದು ಪರೀಕ್ಷಾಧಿಕಾರಿಣಿಯ ಕಣ್ಣಿಗೆ ಬಿತ್ತು. ಆಕೆ ಎಂಥವರೆಂದರೆ, ತಮ್ಮ ಮದುವೆಯಲ್ಲಿ ಗಂಡನ ಗುರುತಿನ ಚೀಟಿ ನೋಡಿಯೇ ಪಕ್ಕದಲ್ಲಿ ಕೂತಿದ್ದರಂತೆ. ಆ ಮಧ್ಯಾಹ್ನವೇ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ತಾತ, ಅವರ ಮಗಳು, ಆ ಹುಡುಗಿ ಎಲ್ಲರಿಗೂ ಕರೆ ಹೋಯಿತು.

"ಎರಡು ಸಲ ಬಡಿದ್ರಲ್ಲ, ಅದು ಯಾವ ಉತ್ತರ?" ಎಂದರು ಅಧಿಕಾರಿಣಿ.

"ಅಮ್ಮಾ, ಗಣಿತದಲ್ಲಿ ನಂಗೆ ಬರೋದು ಚಿಲ್ಲರೆ ಇಲ್ಲ ಅನ್ನೋದೊಂದೇ."

"ಸಂಕೇತ ಅಂದ್ರೆ ಸಂಕೇತ. ಈ ಹುಡುಗಿ ಪತ್ರಿಕೆ ರದ್ದು ಮಾಡಬೇಕಾಗುತ್ತೆ."

ಹುಡುಗಿ ಅತ್ತೇಬಿಟ್ಟಳು. "ತಾತ ಏನೂ ಹೇಳಿಕೊಡಲಿಲ್ಲ ಮ್ಯಾಮ್. ನನ್ನ ತಲೆ ಖಾಲಿಯಾಗಿತ್ತು. ಸದ್ದಿಗೆ ಬೆಚ್ಚಿದೆ, ಅಷ್ಟೇ."

ತಾತನ ಗಂಟಲು ಮೊದಲ ಸಲ ಪಿಸುಗುಟ್ಟಿತು. "ನನ್ನ ಬೇಕಾದ್ರೆ ಕಳಿಸಿಬಿಡಿ. ಮಗು ಸೀಟು ಕೀಳಬೇಡಿ."

"ಸರ್, ಇದು ಅಪ್ಪನ ಚಾಳಿ," ಎಂದಳು ಮಗಳು. "ಸ್ನಾನದ ಮನೆ ಬಾಗಿಲು, ಲಿಫ್ಟು, ಕುಕ್ಕರು, ಏನನ್ನೂ ಬಿಡಲ್ಲ. ನನ್ನ ಮದುವೆ ದಿನ ಕಾರಿಗೆ ಬಡಿದು ಕಳಿಸಿಯೇಬಿಟ್ರು. ನನ್ನ ಗಂಡ ಇನ್ನೂ ಹತ್ತಿರಲೇ ಇಲ್ಲ!"

"ಮಗಳ ಸಾಕ್ಷಿ ನಡೆಯಲ್ಲ," ಎಂದರು ಅಧಿಕಾರಿಣಿ.

ಅಷ್ಟರಲ್ಲಿ ಆಯಾ ಚಹಾದ ಗಾಡಿ ತಳ್ಳಿಕೊಂಡು ಬಂದಳು. ತಾತ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಯ ಕಪ್ಪು ಮೇಜಿಗೆ ಇಳಿದದ್ದೇ ತಡ, ಅವರ ಇನ್ನೊಂದು ಕೈ ತಾನೇ ತಾನಾಗಿ ಚಾಚಿಕೊಂಡು ಗಾಡಿಯ ಮೈಗೆ ಡಬ್ ಡಬ್ ಎಂದಿತು. ಆಯಾ ಹಿಂದೆಮುಂದೆ ನೋಡದೆ ಹೊರಟೇಹೋದಳು. ಸಕ್ಕರೆ ಗಾಡಿಯಲ್ಲೇ ಉಳಿಯಿತು.

ಪ್ರಿನ್ಸಿಪಾಲರು ಸಪ್ಪೆ ಚಹಾ ಒಂದು ಗುಟುಕು ಕುಡಿದು ಅಧಿಕಾರಿಣಿಯತ್ತ ತಿರುಗಿದರು.

"ಆಯಾಗೆ ಯಾವ ಉತ್ತರ ಹೇಳಿಕೊಟ್ರು ಮೇಡಂ?"

ಹುಡುಗಿಯ ಪತ್ರಿಕೆ ಉಳಿಯಿತು. ತಾತನ ಕೆಲಸವೂ ಉಳಿಯಿತು, ಪರೀಕ್ಷಾ ಹಾಲಿನೊಳಗೆ ಉಣ್ಣೆಯ ಕೈಗವಸು ತೊಡಬೇಕೆಂಬ ಷರತ್ತಿನ ಮೇಲೆ. ಲೋಟ ಕುಕ್ಕಿದ ಹೆಂಡತಿಯೇ ಹೆಣೆದುಕೊಟ್ಟರು. ಅದನ್ನು ತೊಟ್ಟರೆ ಮೊಣಕೈಯಿಂದ ಕೆಳಗೆ ಕರಡಿ.

ಮುಂದಿನದು ಫಿಸಿಕ್ಸ್. "ಶುರು ಮಾಡಿ," ಎಂದರು ಅಧಿಕಾರಿಣಿ. ಒಬ್ಬರೂ ಪೆನ್ನು ಮುಟ್ಟಲಿಲ್ಲ. ಇಡೀ ಹಾಲ್ ತಿರುಗಿ ಬಾಗಿಲ ಬಳಿಯಿದ್ದ ತಾತನನ್ನೇ ನೋಡುತ್ತಿತ್ತು. ತಾತ ಕರಡಿ ಕೈಗಳನ್ನೆತ್ತಿ ತೋರಿಸಿ, ಆಗದು ಎಂದು ತಲೆಯಾಡಿಸಿದರು. ಗಡಿಯಾರ ಓಡುತ್ತಿತ್ತು. ಕೊನೆಗೆ ಅಧಿಕಾರಿಣಿ ಕಹಿ ಕಷಾಯ ಕುಡಿದ ಮುಖ ಮಾಡಿಕೊಂಡು, ತಮ್ಮ ಮೇಜಿಗೆ ತಾವೇ ಎರಡು ಬಡಿದರು. ಇಡೀ ಹಾಲ್ ಹೊರಟಿತು.

ಬಡಿತ ಮೆತ್ತಗಾಯಿತು, ಡಿಪೋದಲ್ಲಾಗಿದ್ದರೆ ಯಾವ ಡ್ರೈವರೂ ಅಲುಗುತ್ತಿರಲಿಲ್ಲ ಎಂಬುದು ತಾತನ ಅಭಿಪ್ರಾಯ. ಆಕೆಗೆ ಹೇಳಿಕೊಡಲು ಸಿದ್ಧರಿದ್ದಾರೆ, ಯಾರೂ ಕೇಳುತ್ತಿಲ್ಲ.