ಡೋಣಿಯಿಂದ ಗದಗಿಗೆ ಒಬ್ಬಳೇ ಹೋದ ಮಗಳು

ಕಳೆದ ಆಷಾಢದ ಒಂದು ಮಂಗಳವಾರ ನನ್ನ ಮಗಳು ಗದಗಿನಲ್ಲಿ ಕಾಣೆಯಾದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಊರದೇವತೆ ತಾಯಿ ದ್ಯಾಮವ್ವನನ್ನು ನಂಬಿದ ನಿಮಗೆಲ್ಲ ಆ ದಿನ ನಡೆದದ್ದನ್ನು ಹೇಳಬೇಕು. ನಾನು ಹೇಳುತ್ತಾ ಹೋದದ್ದನ್ನು ಮಗಳ ಗೆಳತಿ ಬರೆದುಕೊಟ್ಟಿದ್ದಾಳೆ.

ನನ್ನ ಹೆಸರು ಶಾಂತವ್ವ. ಊರು ಡೋಣಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಗಂಡ ತೀರಿಕೊಂಡ ಮೇಲೆ ಆ ಕೆಲಸ, ನನ್ನ ವಿಧವಾ ವೇತನ, ಮಗಳ ಅಂಗವಿಕಲ ವೇತನ, ಇವುಗಳ ಮೇಲೆಯೇ ನಮ್ಮ ಮನೆ ನಡೆದಿದೆ. ಮಗಳು ಗಿರಿಜಾ ಚಿಕ್ಕವಳಿದ್ದಾಗ ಜ್ವರ ಬಂದು ಕಣ್ಣು ಹೋದವು. ಅವಳು ಗದಗಿನ ಸರಕಾರಿ ತರಬೇತಿಗೆ ಸೇರಿ, ಕಿವಿಯಿಂದ ಕೇಳಿಸಿಕೊಂಡೇ ಕಂಪ್ಯೂಟರ್ ನಡೆಸುವುದನ್ನು ಕಲಿತಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗದಿದ್ದರೆ ಅಷ್ಟು ದೂರ ದಿನಾ ಕಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಕಾಲೇಜಿಗೆ ಹೋಗುವ ನಮ್ಮ ಓಣಿಯ ಹುಡುಗಿಯರು ಅವಳ ಕೈ ಹಿಡಿದು ಕರೆದೊಯ್ಯುತ್ತಿದ್ದರು.

ಆ ಮಂಗಳವಾರ ಗದಗಿನಲ್ಲಿ ಉದ್ಯೋಗ ಮೇಳವಿತ್ತು. ಕಾಲೇಜಿಗೆ ರಜೆ, ಹಾಗಾಗಿ ಹುಡುಗಿಯರಿಲ್ಲ. ನನ್ನ ಜೊತೆಯ ಅಡುಗೆಯವಳು ತವರಿಗೆ ಹೋಗಿದ್ದಳು. ನಾನು ಹೋದರೆ ಶಾಲೆಯ ಮಕ್ಕಳಿಗೆ ಊಟವಿಲ್ಲ.

"ಯವ್ವಾ, ನಾ ಒಬ್ಬಾಕೀನ ಹೋಗಿ ಬರ್ತೇನಿ. ದಾರಿ ಎಲ್ಲಾ ಬಾಯಿಪಾಠ ಐತಿ," ಎಂದಳು.

"ಬ್ಯಾಡವಾ. ಮುಂದಿನ ಸಲ ಹೋಗೂಣಂತ."

"ಕೆಲಸ ಕೊಡೋರು ನನ್ನ ಸಲುವಾಗಿ ಕಾಯ್ಕೊಂಡ ಕುಂದರ್ತಾರೇನು?"

ಅವಳ ಜಡೆ ಹೆಣೆದೆ. ಬಸ್ಸು ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದೆ. ಶಾಲೆಗೆ ಹೋಗಿ ಅನ್ನಕ್ಕೆ ನೀರಿಟ್ಟೆ.

ಮಕ್ಕಳು ಊಟಕ್ಕೆ ಕೂತ ಹೊತ್ತಿಗೆ ಹೆಡ್ ಮೇಡಂ ಫೋನು ಹಿಡಿದುಕೊಂಡು ಓಡಿ ಬಂದರು. ಆ ಕಡೆ ತರಬೇತಿಯ ಟೀಚರು. "ಶಾಂತವ್ವ, ಗಿರಿಜಾ ಇನ್ನೂ ಮೇಳಕ್ಕ ಬಂದಿಲ್ಲಲ್ರೀ. ಫೋನ್ ಹಚ್ಚಿದ್ರ ಬಂದ್ ಐತಿ."

ಸೌಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಹೆಡ್ ಮೇಡಂ ತಾವೇ ಬಡಿಸಲು ನಿಂತರು. ನಾನು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ರಸ್ತೆ ಬದಿಯ ಹಳ್ಳ, ಬಾವಿಗಳೇ ಕಣ್ಣಿಗೆ ಬೀಳುತ್ತಿದ್ದವು. ಇಷ್ಟು ವರ್ಷ ಅವು ಅಲ್ಲಿ ಇವೆಯೆಂದು ನಾನು ಗಮನಿಸಿಯೇ ಇರಲಿಲ್ಲ.

ಗದಗಿನ ಬಸ್ ನಿಲ್ದಾಣದಲ್ಲಿ ಕಂಡಕಂಡವರನ್ನು ಕೇಳಿದೆ. "ಬಿಳಿ ಕೋಲು ಹಿಡದ ಹುಡುಗಿ ನೋಡೀರೇನ್ರಿ?" ಹೂ ಮಾರುವ ಒಬ್ಬಾಕೆ ತಲೆ ಎತ್ತಿದಳು.

"ನೋಡೇನಿ. ಯಾರೋ ಒಬ್ಬ ಗಂಡಸು ಆಕೀ ಕೈ ಹಿಡ್ಕೊಂಡು ಆಟೋದಾಗ ಕರಕೊಂಡು ಹೋದ."

"ಯಾರವಾ ಅಂವಾ?"

"ನನಗೇನ್ ಗೊತ್ತವಾ? ನಿಮ್ಮವರ ಇರಬೇಕ ಅನಕೊಂಡೆ."

ಓಡುತ್ತಾ ಪೊಲೀಸರ ಬಳಿ ಹೋದೆ. ಅಲ್ಲಿದ್ದ ಮಹಿಳಾ ಪೇದೆ ಕೂರಿಸಿ ನೀರು ಕೊಟ್ಟು, "ಯಾವ ಬಣ್ಣದ ಅರಿವಿ ಹಾಕ್ಕೊಂಡಾಳ್ರಿ ಅಕ್ಕಾ?" ಎಂದು ಕೇಳಿದರು. ನನಗೆ ನೆನಪಾಗಲಿಲ್ಲ. ಬೆಳಿಗ್ಗೆ ನಾನೇ ಜಡೆ ಹೆಣೆದಿದ್ದೆ, ಆದರೂ ಬಣ್ಣ ನೆನಪಾಗಲಿಲ್ಲ. ಆಗ ಗೋಡೆಗೆ ಹಣೆ ಹಚ್ಚಿ ಬೇಡಿಕೊಂಡೆ: "ತಾಯಿ ದ್ಯಾಮವ್ವಾ, ನನ್ನ ಕೂಸಿನ್ನ ಜೀವಂತ ಕೊಡು. ಇನ್ನ ಮುಂದ ಹೊಸ್ತಿಲಾ ದಾಟಸೂದಿಲ್ಲ."

ಪೇದೆಯ ಫೋನು ರಿಂಗಾಯಿತು. ಕೇಳಿಸಿಕೊಂಡ ಅವರು ನನ್ನ ಕಡೆ ತಿರುಗಿ, "ಜಿಲ್ಲಾ ಆಸ್ಪತ್ರ್ಯಾಗ ಅದಾಳಂತ್ರೀ," ಎಂದರು. ಆಸ್ಪತ್ರೆ ಎಂಬ ಮಾತಿನ ಮುಂದಿನದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಜೀಪಿನಲ್ಲಿ ಕೂತದ್ದೂ ನೆನಪಿಲ್ಲ. ಮುಖಕ್ಕೆ ಬಟ್ಟೆ ಮುಚ್ಚಿರಬಾರದು ಎಂದಷ್ಟೇ ಬೇಡುತ್ತಿದ್ದೆ.

ಗಿರಿಜಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಹೆಜ್ಜೆ ಕೇಳಿ ಎದ್ದು ನಿಂತಳು.

"ಅಂವಾ ಯಾರ? ಎಲ್ಲಿಗೆ ಎಳಕೊಂಡ ಹೊಂಟಿದ್ದ?" ಎಂದು ಅವಳನ್ನು ಹಿಡಿದು ಅಲುಗಾಡಿಸಿದೆ.

"ಅವರು ನನ್ನ ಎಳಕೊಂಡ ಹೋಗಲಿಲ್ಲ ಯವ್ವಾ. ನಾನ ಅವರನ್ನ ಕರಕೊಂಡ ಬಂದೆ."

ನಿಲ್ದಾಣದಲ್ಲಿ ಅವಳ ಪಕ್ಕ ಕೂತಿದ್ದ ಕಣಗಿನಹಾಳದ ಹಿರಿಯರೊಬ್ಬರು ಮಾತಾಡುತ್ತಿದ್ದಂತೆಯೇ ತೊದಲತೊಡಗಿದರಂತೆ. ಸುತ್ತಲಿನವರು ಕುಡಿದಿದ್ದಾನೆಂದು ದೂರ ಸರಿದರು. "ಅಪ್ಪಗ ಲಕ್ವಾ ಹೊಡದಾಗ ಮಾತು ಹಿಂಗ ಆಗಿತ್ತಲ್ಲ ಯವ್ವಾ. ಕೇಳಿದ ಕೂಡಲೇ ಗೊತ್ತಾತು," ಎಂದಳು. ಅವರ ಕೈ ಹಿಡಿದೆಬ್ಬಿಸಿ, ಆಟೋ ಕೂಗಿ, ಆಸ್ಪತ್ರೆಗೆ ತಂದಿದ್ದಳು. ಅವರ ಮನೆಯವರನ್ನು ಹುಡುಕಿ ಹುಡುಕಿ ಫೋನು ಮಾಡುವುದರಲ್ಲಿ ಅವಳ ಫೋನಿನ ಚಾರ್ಜು ಮುಗಿದಿತ್ತು. ಅವರ ಮಗ ಬಂದು ಚಾರ್ಜರ್ ಹಚ್ಚಿಕೊಟ್ಟ ಮೇಲೆ ಟೀಚರಿಗೆ ತಿಳಿಸಿದ್ದಳು. ಪೊಲೀಸರಿಗೆ ಹೇಳಿದವರು ಟೀಚರು.

ಡಾಕ್ಟರು ಹೊರಗೆ ಬಂದು, "ಜಲ್ದಿ ಕರಕೊಂಡ ಬಂದಿದ್ದಕ್ಕ ಉಳದ್ರು," ಎಂದರು. ಆ ಹಿರಿಯರ ಮಗ ನನ್ನ ಕಾಲು ಮುಟ್ಟಲು ಬಂದ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಮೇಳ ಮುಗಿದಿತ್ತು. ಅಲ್ಲಿ ಸಿಗಬಹುದಿದ್ದ ಕೆಲಸ ಕೈತಪ್ಪಿತು. ಕೆಲವು ವಾರಗಳ ಮೇಲೆ ಗದಗಿನ ಪಕ್ಕದ ಬೆಟಗೇರಿಯ ಒಂದು ಕಚೇರಿಯಿಂದ, ಫೋನಿನಲ್ಲಿ ಜನರಿಗೆ ಉತ್ತರ ಹೇಳುವ ಕೆಲಸಕ್ಕೆ ಕರೆ ಬಂತು. ನಾನು ಹರಕೆಯ ಮಾತೆತ್ತಿದೆ. ಗಿರಿಜಾ, "ನನ್ನ ಹೊಸ್ತಿಲಾನ ನೀ ಹರಕಿಗೆ ಇಟ್ಟಿ. ನನ್ನ ಒಂದ ಮಾತ ಕೇಳಿದ್ಯಾ?" ಎಂದಳು.

ಹೆದರುತ್ತಲೇ ದ್ಯಾಮವ್ವನ ಗುಡಿಗೆ ಹೋದೆ. ಪೂಜಾರಿ ಅಜ್ಜ ಎಲ್ಲವನ್ನೂ ಕೇಳಿ, "ಹುಚ್ಚೀ, ದ್ಯಾಮವ್ವ ನಿನ್ನ ಮಗಳನ್ನ ಕಾದಾಳ, ಕೂಡಿ ಹಾಕಂತ ಹೇಳಿಲ್ಲ. ಉಡಿ ತುಂಬು, ತಪ್ಪಾತಂತ ಹೇಳು, ಹುಡುಗಿನ್ನ ಕಳಸು," ಎಂದರು. ಹಾಗೆಯೇ ಮಾಡಿದೆ.

ಈಗ ಗಿರಿಜಾ ದಿನಾ ಬೆಟಗೇರಿಗೆ ಒಬ್ಬಳೇ ಹೋಗುತ್ತಾಳೆ. ನನ್ನ ಹೆದರಿಕೆ ಹೋಗಿಲ್ಲ, ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಸಂಜೆ ಬಸ್ಸು ತಡವಾದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ. ಮೊದಲೆಲ್ಲ ಅವಳನ್ನು ಮನೆಗೆ ತಂದು ಮುಟ್ಟಿಸು ಎಂದು ತಾಯಿಯನ್ನು ಬೇಡುತ್ತಿದ್ದೆ. ಈಗ ಅವಳು ಹೋಗುವಲ್ಲೆಲ್ಲ ನೀನೂ ಹೋಗು ತಾಯಿ ಎನ್ನುತ್ತೇನೆ. ಅಂದು ತಾಯಿ ಅವಳ ಜೊತೆ ಹೋಗಿದ್ದಳು, ನನಗೆ ಗೊತ್ತು.