ತುಳಸಿದಳ ಇಟ್ಟ ಗುಳಿಗೆ

ಸೇಡಂನ ನರಸಿಂಹ ಮಾಸ್ತರು ಅರವತ್ತೆರಡು ವರ್ಷದಲ್ಲಿ ಒಂದು ಇಂಗ್ಲಿಷ್ ಗುಳಿಗೆಯನ್ನೂ ನುಂಗಿದವರಲ್ಲ. ಇದನ್ನು ಅವರೇ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಜ್ವರ ಬಂದರೆ ಕಷಾಯ, ಹೊಟ್ಟೆ ಕೆಟ್ಟರೆ ಲಂಘನ, ಏಕಾದಶಿ ಬಂದರೆ ತೀರ್ಥ ಬಿಟ್ಟು ಹನಿ ನೀರೂ ಇಲ್ಲ. ಗಣಿತ ಕಲಿಸಿ ನಿವೃತ್ತರಾದ ಮೇಲೆ ಮಠದ ಭಜನಾ ಮಂಡಳಿಗೆ ಅವರೇ ಹಿರಿಯರು. ಅವರು ಕೂತರೆ ಮಂಡಳಿಯ ಏಳೂ ಜನ ಕೂರುವರು, ಅವರು ಎದ್ದರೆ ಏಳುವರು. ಮಾಸ್ತರ ಮಾತು ಕೇಳದೇ ಇದ್ದದ್ದು ಅವರ ಮೊಣಕಾಲು ಮಾತ್ರ.

೨೦೦೨ರ ಚೈತ್ರದಲ್ಲಿ ಆ ಮೊಣಕಾಲು ಪೂರ್ತಿ ಮುಷ್ಕರ ಹೂಡಿತು. ಮಂಡಳಿಯ ವಿಠ್ಠಲರಾಯರು, ಅಂಚೆ ಕಚೇರಿಯಿಂದ ನಿವೃತ್ತರಾದವರು, ಶಹಾಬಾದಿನ ಒಂದು ಫ್ಯಾನ್ಸಿ ಅಂಗಡಿಯಿಂದ ಫಾರಿನ್ ಡಬ್ಬಿ ತಂದರು. ಮೇಲೆ ಕೊಕ್ಕರೆಯ ಚಿತ್ರ, ಅದರ ಪಕ್ಕ ಒಂದು ಬೇರು, ಯಾರಿಗೂ ಓದಲು ಬಾರದ ಲಿಪಿ. ಕೆಳಗೆ ಮಾತ್ರ ಇಂಗ್ಲಿಷಿನಲ್ಲಿ, ನೂರಕ್ಕೆ ನೂರು ಗಿಡಮೂಲಿಕೆ ಎಂದಿತ್ತು. ಮಾಸ್ತರು ಕನ್ನಡಕ ಏರಿಸಿ, "ಅಶ್ವಗಂಧ" ಎಂದು ತೀರ್ಪು ಕೊಟ್ಟರು. ಬೇರು ಅಂದಮೇಲೆ ಅನ್ನವಲ್ಲ, ಮುಸುರೆಯಲ್ಲ, ಆದ್ದರಿಂದ ಉಪವಾಸಕ್ಕೂ ನಡೆಯುತ್ತದೆ. ದಿನಾ ಬೆಳಿಗ್ಗೆ ಆ ಕರಿ ಗುಳಿಗೆಯ ಮೇಲೆ ತುಳಸಿದಳ ಇಟ್ಟು, ದೇವರಿಗೆ ನೈವೇದ್ಯ ತೋರಿಸಿ, ತೀರ್ಥದ ಜೊತೆ ನುಂಗಿದರು.

ನಾಲ್ಕನೇ ದಿನ ಮಾಸ್ತರು ಮಠದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದರು. ನೋಡಿದ ಮಂಡಳಿಯವರು ಸುಮ್ಮನಿದ್ದಾರೆಯೇ? ಹದಿನೈದು ದಿನದಲ್ಲಿ ಏಳೂ ಜನ ಗುಳಿಗೆ ಹಿಡಿದರು, ಭಜನೆಯ ತಾಳ ಏರಿತು. ಮಾಸ್ತರ ಮುಖ ಪೂರಿಯಂತೆ ಉಬ್ಬಿತು. ಜನ ಅದನ್ನು ತೇಜಸ್ಸು ಎಂದರು, ಮಾಸ್ತರು ತಕರಾರಿಲ್ಲದೆ ಒಪ್ಪಿಕೊಂಡರು.

ಒಂದೇ ತೊಂದರೆ, ಹಸಿವು. ಆಷಾಢದ ಮೊದಲ ಏಕಾದಶಿಯ ಮಧ್ಯಾಹ್ನ ಹೆಂಡತಿ ಭಾಮಾಬಾಯಿ ಪುರಾಣ ಕೇಳಲು ಮಠಕ್ಕೆ ಹೋಗಿದ್ದಾಗ, ಮಾಸ್ತರ ಕೈ ಅವರನ್ನು ಕೇಳದೆಯೇ ಅವಲಕ್ಕಿ ಡಬ್ಬಿಗೆ ಹೋಯಿತು. ನಲವತ್ತು ವರ್ಷದ ವ್ರತ ಒಂದು ಮುಷ್ಟಿಗೆ ಹೋಯಿತಲ್ಲ ಎಂದು ಅವರು ನಿಜವಾಗಿ ಅತ್ತರು. ಅಳುತ್ತಲೇ ಇನ್ನೊಂದು ಮುಷ್ಟಿ ತಿಂದರು. ಮುಂದಿನ ಏಕಾದಶಿಗೂ ಅದೇ ಕತೆ. ಅವಲಕ್ಕಿ ಡಬ್ಬಿ ಮಾತ್ರ ಖಾಲಿಯಾಗುತ್ತಿರಲಿಲ್ಲ. ಭಗವಂತ ತನ್ನನ್ನು ಕ್ಷಮಿಸಿದ್ದಾನೆ ಎಂದೇ ಮಾಸ್ತರು ತಿಳಿದರು.

ಭಾದ್ರಪದದಲ್ಲಿ ಕಾಲ್ಬೆರಳಿನ ಗಾಯವೊಂದು ಮಾಯದೆ ಕೀವು ಕಟ್ಟಿತು. ಏಕಾದಶಿ ಎಂದರೂ ಕೇಳದೆ ಭಾಮಾಬಾಯಿ ಅವರನ್ನು ದವಾಖಾನೆಗೆ ಎಳೆದೊಯ್ದರು. ಅಲ್ಲಿಯ ನರ್ಸ್ ಅನಸುಬಾಯಿ ಮಾಸ್ತರ ಹಳೆಯ ವಿದ್ಯಾರ್ಥಿನಿ, ಲೆಕ್ಕ ತಪ್ಪಿ ಎಷ್ಟೋ ಸಲ ಬೆಂಚಿನ ಮೇಲೆ ನಿಂತವಳು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಮುನ್ನೂರ ನಲವತ್ತು.

"ಸರ, ಹಸಿವು ಭಾಳ ಆಗ್ತದೇನ್ರಿ?"

"ಛೇ, ಇವತ್ತ ಏಕಾದಶಿ."

"ಗುಳಿಗಿ ಏನರ ತಗೊಳ್ಳಲಿಕತ್ತೀರಿ?"

"ಗುಳಿಗಿ ಅಲ್ಲವ್ವಾ, ಬೇರು."

ಭಾಮಾಬಾಯಿ, "ಐದು ತಿಂಗಳಾತು," ಎನ್ನುತ್ತಾ ಚೀಲದಿಂದ ಡಬ್ಬಿ ತೆಗೆದರು. ಕೊಕ್ಕರೆ ಕಂಡದ್ದೇ ಅನಸುಬಾಯಿ ಕೂತಲ್ಲಿಂದ ಎದ್ದಳು. "ಹೋದ ತಿಂಗಳ ಚಿಂಚೋಳಿ ಕಡಿಯವರೊಬ್ಬರು ಇದೇ ಡಬ್ಬಿ ತಂದಿದ್ರು. ಹೈದರಾಬಾದಿನ್ಯಾಗ ಪರೀಕ್ಷಾ ಮಾಡಿಸ್ಯಾರ. ಬೇರಿನ ಜೋಡಿ ಸ್ಟಿರಾಯ್ಡ್ ಕಲಸ್ಯಾರ್ರಿ, ಡಬ್ಬಿ ಮ್ಯಾಲ ಬರದೇ ಇಲ್ಲ. ಮಾರಿ ಬಾಯೂದು, ಹಸಿವು, ಸಕ್ಕರಿ ಏರೂದು, ಎಲ್ಲಾ ಅದರಿಂದನೇ. ಐದು ತಿಂಗಳಿಂದ ನೀವು ನುಂಗಲಿಕತ್ತಿದ್ದು ಇಂಗ್ಲಿಷ್ ಔಷಧನೇ ಸರ."

ದೇವರಿಗೂ ದಿನಾ ಅದನ್ನೇ ತಿನಿಸಿದೆನಲ್ಲ ಎಂದು ಮಾಸ್ತರು ಮೊದಲು ಹೆದರಿದರು. ಆಮೇಲೆ ಸಿಟ್ಟು ಬಂದು ಡಬ್ಬಿಯನ್ನು ಕಿಟಕಿಯಿಂದ ಎಸೆಯಲು ಹೋದರು. ಅನಸುಬಾಯಿ ಕೈ ಹಿಡಿದಳು.

"ಒಮ್ಮಿಗೇ ಬಿಟ್ರ ಜೀವಕ್ಕ ಕುತ್ತು ಅದರಿ. ಮೈಗೆ ಅದು ರೂಢಿ ಆಗ್ಯದ. ಆ ಚಿಂಚೋಳಿಯವರು ಬಿಟ್ಟೇ ನೆಲಾ ಹಿಡದಿದ್ರು. ಡಾಕ್ಟರ್ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸಬೇಕು."

ಮಾಸ್ತರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ವಿಠ್ಠಲರಾಯರ ಡಬ್ಬಿ ಮುಗಿದು ಮೂರು ದಿನವಾಗಿತ್ತು, ಶಹಾಬಾದಿಗೆ ಹೊಸ ಮಾಲು ಬಂದಿರಲಿಲ್ಲ. ವಾಂತಿ, ನಿತ್ರಾಣ ಎಂದು ನಿನ್ನೆ ಭಜನೆಗೂ ಅವರು ಬಂದಿರಲಿಲ್ಲ.

ಪಟ್ಟಿ ಕಟ್ಟಿದ ಕಾಲಿನಲ್ಲೇ ಮಾಸ್ತರು ಆಟೋ ಹತ್ತಿದರು. ವಿಠ್ಠಲರಾಯರು ಚಾಪೆಯ ಮೇಲೆ ಬಿಳಿಚಿಕೊಂಡು ಮಲಗಿದ್ದರು, ನೋಡಲು ಬಂದ ಮಂಡಳಿಯ ಇಬ್ಬರು ಬಾಗಿಲಲ್ಲಿದ್ದರು. ಮಾಸ್ತರು ಎಲ್ಲವನ್ನೂ ಹೇಳಿ ಕೈ ಮುಗಿದರೂ ರಾಯರು ತಲೆ ಅಲ್ಲಾಡಿಸಿದರು.

"ಇವತ್ತ ಏಕಾದಶಿ. ದವಾಖಾನಿ ನೀರು ಮೈಯೊಳಗ ಹೋಗೂದು ಬ್ಯಾಡ. ವ್ರತ ಮುರದು ಬದುಕಿ ಏನ್ ಮಾಡೋದದ? ಇದೆಲ್ಲಾ ನಿಮ್ಮನ್ನ ನೋಡೇ ಕಲ್ತದ್ದು, ಮಾಸ್ತರ."

ಆ ಮಾತು ಮಾಸ್ತರಿಗೆ ಚುಚ್ಚಿತು. ಮರ್ಯಾದೆ ಉಳಿಸಿಕೊಂಡರೆ ಗೆಳೆಯ ಉಳಿಯುವುದಿಲ್ಲ. ಬಾಗಿಲಲ್ಲಿದ್ದವರಿಗೂ ಕೇಳುವಂತೆ ಹೇಳಿದರು:

"ರಾಯರ, ನಾ ಅವಲಕ್ಕಿ ತಿಂದೀನಿ. ನಾಕು ಏಕಾದಶಿ ಆತು. ಅಡಗಿಮನ್ಯಾಗ ನಿಂತು, ಕದ್ದು."

ರಾಯರು ಒಂದು ಕಣ್ಣು ತೆರೆದರು.

"ಖಾರ ಹಚ್ಚಿದ ಅವಲಕ್ಕಿನೋ?"

"ಬರೇ ಅವಲಕ್ಕಿ."

"ನಾ ಶೇಂಗಾದ ಹೋಳಗಿ," ಎಂದು ರಾಯರು ಕ್ಷೀಣವಾಗಿ ಹೇಳಿ ಕೈ ಚಾಚಿದರು. "ಎಬ್ಬಿಸ್ರಿ."

ಎಬ್ಬಿಸಲು ಬಂದ ಆ ಇಬ್ಬರೂ ಮುಖ ತೋರಿಸದೆ ನೆಲ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ದವಾಖಾನೆಯಲ್ಲಿ ಸಲೈನು ಏರಿ, ಇಂಜೆಕ್ಷನ್ನು ಬಿದ್ದು ರಾಯರು ಎದ್ದು ಕೂತರು. ಮರುದಿನ ಉಳಿದವರನ್ನೂ ಮಾಸ್ತರೇ ಒಬ್ಬೊಬ್ಬರಾಗಿ ಕರೆತಂದರು. ಅನಸುಬಾಯಿ ಎಲ್ಲರನ್ನೂ ನೋಡಿ, ನಗು ತಡೆದುಕೊಂಡು, "ಬೆಂಚಿನ ಮ್ಯಾಲ ಕುಂದ್ರಿ ಸರ, ನಿಲ್ಲೂದು ಬ್ಯಾಡ," ಎಂದಳು. ಡಾಕ್ಟರು ಬರೆದುಕೊಟ್ಟದ್ದು ಇಷ್ಟು: ಇಂಗ್ಲಿಷ್ ಗುಳಿಗೆ ದಿನಾ ಒಂದು, ತಿಂಗಳಿಗಿಷ್ಟು ಇಳಿಸುತ್ತಾ, ಉಂಡ ಮೇಲೆ. ಏಕಾದಶಿಗೂ ರಿಯಾಯಿತಿ ಇಲ್ಲ.

ಮುಂದಿನ ಏಕಾದಶಿ ಭಾಮಾಬಾಯಿ ತಟ್ಟೆ ಹಾಕಿ ಅವಲಕ್ಕಿ ಬಡಿಸಿದರು. ಮಾಸ್ತರು ತಲೆ ಎತ್ತಲಿಲ್ಲ.

"ನಲವತ್ತು ವರ್ಷದ ವ್ರತ ಹೋತು, ಭಾಮಾ."

"ಹೋಗಲಿ ಬಿಡ್ರಿ, ನೀವು ಉಳದೀರಲ್ಲ. ಪ್ಯಾಟಿಗೆ ಹೋದಾಗ ಅವಲಕ್ಕಿ ತರ್ರಿ. ನಾಕು ಏಕಾದಶಿ ಡಬ್ಬಿ ತುಂಬಿ ತುಂಬಿ ಚೀಲಾ ಖಾಲಿ ಆಗ್ಯದ."

ಮಾಸ್ತರ ಕೈ ತಟ್ಟೆಯಲ್ಲೇ ನಿಂತಿತು. ಎದುರಿಗೆ ಕೂತು ಗಾಳಿ ಹಾಕುತ್ತಿದ್ದ ಭಾಮಾಬಾಯಿ ಆ ದಿನವೂ ಹನಿ ನೀರು ಮುಟ್ಟಿರಲಿಲ್ಲ.