ಮೇಯರ್ ಬಿಟ್ಟುಹೋದ ಗವಿ

ಬೆಳಗಿನ ಐದೂವರೆ. ನದಿತೀರದ ಇಕಿಟೋಸ್ ಪಟ್ಟಣದ ದೋಣಿಕಟ್ಟೆಯೊಂದರ ಪ್ರಯಾಣಿಕರ ಕೊಠಡಿಯಲ್ಲಿ ಇನ್ನೂ ನರಪಿಳ್ಳೆಯಿಲ್ಲ. ಐವತ್ತೆಂಟರ ಎರ್ಸಿಲಿಯಾ ಮುರಾಯಾರಿ ಬೆಂಚು ಹತ್ತಿ, ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಗಲ್ಲ ನೀರಿಗೆ ತಾಗುವಷ್ಟು ಬಾಗಿ ಮೀನಿನ ತೊಟ್ಟಿಯೊಳಗೆ ಕೈ ಇಳಿಸುತ್ತಾರೆ. ಬೆರಳು ತಳದ ಕಲ್ಲನ್ನು ಮುಟ್ಟುತ್ತದೆ. ಮುಟ್ಟಿದ್ದಷ್ಟೇ, ಕೈ ಬರಿದಾಗಿ ಮೇಲೆ ಬರುತ್ತದೆ. ಮೂರು ದಿನದಿಂದ ಇದೇ ಕಥೆ.

ಇವತ್ತು ಮಾತ್ರ ಮುಂದೂಡುವಂತಿಲ್ಲ. ಏಳು ಗಂಟೆಗೆ ಹೊಸ ಮೀನು ಬರುತ್ತವೆ.

ಮೂರು ಮೀಟರ್ ಉದ್ದದ, ಎರಡು ಸಾವಿರ ಲೀಟರ್ ಹಿಡಿಯುವ ಈ ಗಾಜಿನ ತೊಟ್ಟಿಯ ಮುಂದೆ ದಿನಕ್ಕೆ ನಾನೂರು ಜನ ದೋಣಿಗೆ ಕಾಯುತ್ತಾರೆ. ಮೀನು ನೋಡುತ್ತಾರೆ, ಮಗುವಿಗೆ ತೋರಿಸುತ್ತಾರೆ, ಗಾಜಿಗೆ ಎಣ್ಣೆ ಬೆರಳು ಒತ್ತಿ ಹೋಗುತ್ತಾರೆ. ಆ ಗಾಜು ಒರೆಸುವ ಹೆಂಗಸು ಯಾರ ಕಣ್ಣಿಗೂ ಬೀಳುವುದಿಲ್ಲ. ವಾರಕ್ಕೆ ನಲವತ್ತು ಬಕೆಟ್ ಹಳೇ ನೀರು ಹೊರಗೆ, ಹಿತ್ತಲಿನ ಪೀಪಾಯಿಯಲ್ಲಿ ತಿಳಿಯಾದ ನಲವತ್ತು ಬಕೆಟ್ ಮಳೆನೀರು ಒಳಗೆ. ಹದಿನಾಲ್ಕು ವರ್ಷದಿಂದ ಇದೇ ಲೆಕ್ಕ. "ಸೊಂಟ ಹೋಯ್ತು, ಆದ್ರೆ ನೀರು ಒಂದಿನಾನೂ ಕೆಟ್ಟಿಲ್ಲ" ಎನ್ನುತ್ತಾರೆ.

ಅದರಲ್ಲಿ ಒಂಬತ್ತು ವರ್ಷ ಈ ತೊಟ್ಟಿಯಲ್ಲಿ ಇದ್ದದ್ದು ಒಂದೇ ಮೀನು. ಅಂಗೈಗಿಂತ ದೊಡ್ಡ, ಕಪ್ಪು ಮೈಯ ಮೇಲೆ ಕೆಂಡದ ಬೊಟ್ಟಿಟ್ಟ ಒಂದು ಅಕಾರವಸು. ಜೊತೆಗೆ ಯಾರನ್ನು ಬಿಟ್ಟರೂ ನುಂಗುತ್ತಿತ್ತು, ಇಲ್ಲವೇ ಕಚ್ಚಿ ಮೂಲೆಗೆ ತಳ್ಳುತ್ತಿತ್ತು. ಎಲ್ಲರ ಪಾಲೂ ತಿಂದು ಕುರ್ಚಿ ಬಿಡದವನು ಅಂತ ದೋಣಿಯವರು ಮೇಯರ್ ಎಂದು ಹೆಸರಿಟ್ಟರು. ಎರ್ಸಿಲಿಯಾ ಬೆಳಿಗ್ಗೆ ದೀಪ ಹಾಕಿದರೆ ಸಾಕು, ತನ್ನ ಗವಿಯಿಂದ ಹೊರಬಂದು ಅವರ ಬೆರಳ ತುದಿಯಿಂದ ಸೀಗಡಿ ಎಳೆದುಕೊಳ್ಳುತ್ತಿತ್ತು. ಗವಿಯೆಂದರೆ ಮೂರು ಕಲ್ಲು, ಒಂದು ಮರದ ಬೊಡ್ಡೆ. ಜೋಡಿಸಿಕೊಟ್ಟವರು ಎರ್ಸಿಲಿಯಾರೇ.

ಗಂಡ ಲಿಸಾರ್ದೋ ತೀರಿಕೊಂಡ ವರ್ಷ ಅವರು ಇಡೀ ದಿನ ಮಾತಾಡುತ್ತಿದ್ದದ್ದು ಅದರೊಂದಿಗೇ. "ಮನೇಲಿ ಮಾತಾಡಿದ್ರೆ ಗೋಡೆ ಕೇಳುತ್ತೆ. ಇಲ್ಲಿ ಒಬ್ಬ ತಿರುಗಿ ನೋಡ್ತಿದ್ದ, ಅಷ್ಟೇ."

ಜನವರಿಯಲ್ಲಿ ಮೇಯರ್ ಸತ್ತಿತು. ಕಟ್ಟೆಯ ಯಜಮಾನ ದೋನ್ ಅನೀಬಲ್ ಖಾಲಿ ತೊಟ್ಟಿ ನೋಡಿ ಮುಖ ಸಿಂಡರಿಸಿದರು. "ಒಬ್ಬನ್ನೊಬ್ಬ ಕೊಲ್ಲದೇ ಇರೋ ಮೀನು ಬಿಡಿ ದೋನ್ಯಾ ಎರ್ಸಿಲಿಯಾ. ಜೂನಲ್ಲಿ ಸಾನ್ ಹ್ವಾನ್ ಹಬ್ಬ ಬರೋದ್ರೊಳಗೆ ತುಂಬದಿದ್ರೆ ತೊಟ್ಟಿ ಎತ್ತಿಸ್ತೀನಿ. ತಂಪು ಪಾನೀಯದ ಅಂಗಡಿ ಇಡೋಣ."

ತೊಟ್ಟಿ ಹೋದರೆ ಎರ್ಸಿಲಿಯಾರ ಕೆಲಸವೂ ಹೋಯಿತು. ಮನೆ ಬಿಟ್ಟರೆ ಅವರಿಗೆ ಹೋಗಲು ಇನ್ನೊಂದು ಜಾಗವಿಲ್ಲ.

ಮಾರ್ಚಿನಲ್ಲಿ ಎಂಟು ಎಸ್ಕಲಾರ್ ತಂದರು. ಅಗಲ ರೆಕ್ಕೆಯ, ತೆಳ್ಳನೆಯ ಸಾಧು ಮೀನುಗಳು. ಜೊತೆಗೆ ಬುಹುರ್ಕಿ ಎಂಬ ಒಂದು ಗಟ್ಟಿಮುಟ್ಟು ಮೀನು. ಹನ್ನೊಂದೇ ದಿನದಲ್ಲಿ ಉಳಿದದ್ದು ಆ ಬುಹುರ್ಕಿ ಒಂದೇ. ಮೀನು ಹಿಡಿದು ಕೊಡುವ ವಿಲ್ದೆರ್ ಬಂದು ನೋಡಿ ತಲೆ ಚಚ್ಚಿಕೊಂಡ. "ಏನ್ ತೀಯಾ, ನೀವೇ ಹಿಂಗ್ ಮಾಡಿದ್ರೆ? ಹಳೇ ಗವಿ ಹಂಗೇ ಬಿಟ್ಟಿದೀರಲ್ಲ! ಯಾವನು ಒಳಗೆ ಹೊಕ್ಕರೂ ಅವನೇ ಮೇಯರ್ ಆಗ್ತಾನೆ."

ತೀಯಾ ಎಂದರೆ ಅತ್ತೆ, ಅವನು ಅವರನ್ನು ಕರೆಯುವುದೇ ಹಾಗೆ. ಹೊಸ ಮೀನು ಬಿಡುವ ಮುನ್ನ ಕಲ್ಲು, ಬೊಡ್ಡೆ ಎಲ್ಲ ಕದಲಿಸಬೇಕು, ಯಾರಿಗೂ ಇದು ನನ್ನ ಮನೆ ಅನ್ನಿಸಬಾರದು. ಈ ಕಸುಬಿನ ಮೊದಲ ಪಾಠ ಇದು. ಎರ್ಸಿಲಿಯಾ ಗೊತ್ತಿದ್ದೂ ಮುಟ್ಟಿರಲಿಲ್ಲ. ಎಂಟು ಜೀವ ಹೋದ ಪಾಪ ತನ್ನದೇ ಎಂದು ಈಗಲೂ ಕೊರಗುತ್ತಾರೆ.

ಇವತ್ತು ಆರೂವರೆಗೆ ಹೊರಗೆ ಮೊದಲ ದೋಣಿ ಕೂಗುತ್ತದೆ. ಎರ್ಸಿಲಿಯಾ ಮತ್ತೆ ಬೆಂಚು ಹತ್ತುತ್ತಾರೆ. "ಕ್ಷಮಿಸಪ್ಪಾ" ಎಂದು ಮೆಲ್ಲಗೆ ಹೇಳಿ ಮೊದಲ ಕಲ್ಲು ಎತ್ತುತ್ತಾರೆ. ಎರಡನೆಯದು, ಮೂರನೆಯದು ಸುಲಭವಾಗುತ್ತವೆ. ಬೊಡ್ಡೆಯನ್ನು ಇನ್ನೊಂದು ತುದಿಗೆ ಮಲಗಿಸುತ್ತಾರೆ. ತಳದ ಕೆಸರೆದ್ದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ.

ವಿಲ್ದೆರ್ ಮೀನು ತುಂಬಿದ ಚೀಲಗಳನ್ನು ಹೊತ್ತು ತರುತ್ತಾನೆ. ಬುಹುರ್ಕಿಯನ್ನು ಹಿಡಿದು ಅವನಿಗೇ ಒಪ್ಪಿಸಿಯಾಗುತ್ತದೆ. ಹೊಸ ನೀರಿಗೆ ಹೊಂದಿಕೊಳ್ಳಲೆಂದು ಚೀಲಗಳು ಮುಕ್ಕಾಲು ಗಂಟೆ ನೀರಿನ ಮೇಲೆ ತೇಲುತ್ತವೆ. ಮೊದಲು ತಳದಲ್ಲಿ ಮೂತಿಯಾಡಿಸುವ ಇಪ್ಪತ್ತು ಶಿರುಯಿ, ಆಮೇಲೆ ಪಾಚಿ ನೆಕ್ಕುವ ಎರಡು ಕರಾಚಮಾ, ಕಡೆಗೆ ಹತ್ತು ಎಸ್ಕಲಾರ್. ಹತ್ತನ್ನೂ ಒಟ್ಟಿಗೇ ಬಿಡುತ್ತಾರೆ, ಮೊದಲು ಬಂದೆ ಅಂತ ಯಾವುದೂ ಮೆರೆಯಬಾರದು. ಮೀನು ಬೆದರದಿರಲೆಂದು ದೀಪ ಆರಿಸಿ, ಗಾಜಿಗೆ ಬಟ್ಟೆ ಹೊದಿಸುತ್ತಾರೆ.

"ಮೇಯರ್ ಮನೆ ಕೆಡವಿಬಿಟ್ರಾ?" ಎಂದು ದೋಣಿಯವನೊಬ್ಬ ಛೇಡಿಸುತ್ತಾನೆ. ಎರ್ಸಿಲಿಯಾ ಕೈ ಒರೆಸಿಕೊಳ್ಳುತ್ತಾ ಆಚೆ ತಿರುಗುತ್ತಾರೆ.

ಸಾನ್ ಹ್ವಾನ್ ಹಬ್ಬದ ಬೆಳಿಗ್ಗೆ ಕೊಠಡಿಯ ತುಂಬ ಜನ, ಎಲೆಯಲ್ಲಿ ಕಟ್ಟಿದ ಹ್ವಾನೆ ಅನ್ನದ ಪರಿಮಳ. ಹದಿನೇಳು ದಿನ ಕಳೆದಿವೆ. ದೋನ್ ಅನೀಬಲ್ ಗಾಜಿಗೆ ಮೂಗು ತಾಗಿಸಿ ಎಣಿಸುತ್ತಾರೆ. ಹತ್ತು ಎಸ್ಕಲಾರ್, ಹತ್ತೂ ಇವೆ. "ಹೂಂ, ಇರ್ಲಿ ಬಿಡಿ" ಎಂದು ಹೊರಟುಹೋಗುತ್ತಾರೆ. ಹದಿನಾಲ್ಕು ವರ್ಷದಲ್ಲಿ ಸಿಕ್ಕ ದೊಡ್ಡ ಹೊಗಳಿಕೆ ಅದು.

ಎರ್ಸಿಲಿಯಾರ ಕೆಲಸ ಉಳಿದಿದೆ. ಆದರೆ ದೀಪ ಹಾಕಿದರೆ ಬೆರಳಿಗೆ ಈಗ ಯಾರೂ ಬರುವುದಿಲ್ಲ. ಹೊಸಬರು ತಮ್ಮ ಪಾಡಿಗೆ ತಾವು ತಿರುಗುತ್ತಿರುತ್ತವೆ.

ನೌತಾದಲ್ಲಿರುವ ತಂಗಿ ನಿಲ್ಡಾ ಜೊತೆಗಿರಲು ಬರುತ್ತೇನೆಂದು ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಎರ್ಸಿಲಿಯಾರ ಮನೆಯಲ್ಲಿ ಇರುವುದು ಒಂದೇ ಕೋಣೆ, ನಡುಮಧ್ಯೆ ಲಿಸಾರ್ದೋ ಮಲಗಲು ಕಟ್ಟಿದ ಜೋಲಿ ಹಾಗೇ ತೂಗುತ್ತಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಎರ್ಸಿಲಿಯಾ ಗಾಜು ಒರೆಸುತ್ತಲೇ ಹೇಳುತ್ತಾರೆ.

"ನಿಲ್ಡಾಗೆ ಬಾ ಅಂತ ಹೇಳಿ ಕಳಿಸಿದೀನಿ. ಜೋಲಿ ಹಗ್ಗದ ಗಂಟು ಅವರು ಹಾಕಿದ್ದು, ನನ್ ಕೈಲಿ ಬಿಚ್ಚೋಕಾಗಲ್ಲ. ಅವಳೇ ಬಂದು ಬಿಚ್ಚಲಿ. ಆವತ್ತು ಮಾತ್ರ ನಾನು ಬೆಳಿಗ್ಗೆಯಿಂದ ಇಲ್ಲೇ ಇರ್ತೀನಿ, ಮೀನಿನ ಹತ್ರ."